ಜನರಲ್‌ಗೆ ನಾಲ್ಕನೇ ಹೆಗಲು

"ಹಲೋ, ಯಾರು ಮಾತಾಡ್ತಿರೋದು? ರಾಜಿನಾ? ಪಂಕಜಾ ಆಂಟಿ ಕಣಮ್ಮ. ಅಪ್ಪನ್ನ ಕರಿ... ಹಾಂ, ಶವರ್ ಆಮೇಲೆ ಮಾಡ್ಲಿ. ಅರ್ಜೆಂಟ್ ಅಂತ ಹೇಳು..."

ಪಂಕಜಾ ನ್ಯೂಯಾರ್ಕ್ ಹತ್ತಿರದ ಮಾರಿಸ್‌ಟೌನ್ ಹೊರವಲಯದ ಒಂದು ವೃದ್ಧಾಶ್ರಮದಲ್ಲಿ ಡಾಕ್ಟರು. ೧೯೬೯ರ ಆ ಮಾರ್ಚ್ ಬೆಳಿಗ್ಗೆ ಕೋಟು ಕೂಡ ಬಿಚ್ಚದೆ ಆಫೀಸಿನ ಫೋನಿಗೆ ಅಂಟಿಕೊಂಡಿದ್ದಳು. ಹಿಕ್ಸ್‌ವಿಲ್‌ನ ಪ್ರಭಾಕರ, ಕನ್ನಡ ಸಂಘದ ಅಧ್ಯಕ್ಷ, ಅವಳಿಗೆ ಉಳಿದಿದ್ದ ಕೊನೆಯ ಆಸೆ.

"ಪ್ರಭಾಕರ್ ಅವರೇ, ನಮಸ್ಕಾರ. ನಿಮ್ಮ ಜನರಲ್ ತ್ರುಬ್ನಿಕೋವ್ ತೀರಿಕೊಂಡ್ರು. ನಿನ್ನೆ ಸಾಯಂಕಾಲ, ಇಲ್ಲೇ ನಮ್ಮ ಆಶ್ರಮದಲ್ಲೇ..."

"ಹಾಂ, ನಿಮ್ಮವರೇ. ಹೋದ ದೀಪಾವಳಿಗೆ ಚೀಫ್ ಗೆಸ್ಟ್ ಅಂತ ಕರೆಸಿ, ಮೈಸೂರು ಪೇಟ ತೊಡಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೋರು ನೀವೇ ಅಲ್ವಾ?..."

"ಕಂಡೋಲೆನ್ಸ್ ಮೀಟಿಂಗ್ ಬೇಡ. ನಾಳೆ ಬೆಳಿಗ್ಗೆ ಮಣ್ಣು. ನಿಮ್ಮ ಹೆಗಲು ಬೇಕು..."

"ರಷ್ಯನ್ನರು ಇಲ್ವಾ ಅಂದ್ರಾ? ಬೇಕಾದಷ್ಟು ಇದಾರೆ. ಅವರ ಸಂಘಕ್ಕೆ ಆಗಲೇ ಫೋನ್ ಮಾಡಿದೆ. 'ಆ ಮನುಷ್ಯ ಕೆಂಪು ಪಾರ್ಟಿಯವನು, ನಾವು ಬರಲ್ಲ' ಅಂತ ಕುಕ್ಕಿಬಿಟ್ರು ಫೋನ್ನ..."

"ಅಲ್ಲಾ ರೀ, ಕಮ್ಯುನಿಸ್ಟ್ ಅಲ್ಲ. ಸ್ವಲ್ಪ ಕೇಳಿ. ಬಿ.ಪಿ. ನೋಡುವಾಗೆಲ್ಲ ತುಂಡು ತುಂಡಾಗಿ ಹೇಳ್ತಿದ್ರು. ಮೊದಲನೇ ಮಹಾಯುದ್ಧದಲ್ಲಿ, ಜರ್ಮನರ ಎದುರು, ತ್ಸಾರ್ ದೊರೆ ಇವರ ಕೈಗೆ ಇಡೀ ಒಂದು ಡಿವಿಷನ್ ಕೊಟ್ಟಿದ್ದ. ಕೆಸರಲ್ಲಿ ಕಾದಾಡಿ ಒಂದು ಗುಡ್ಡ ಗೆದ್ರು, ಅದಕ್ಕೊಂದು ಪದಕ. ಆಮೇಲೆ ಗುಡ್ಡ ಜರ್ಮನರಿಗೇ ವಾಪಸ್ ಹೋಯ್ತು. ಪದಕ ಮಾತ್ರ ಯಾರೂ ವಾಪಸ್ ಕೇಳಲಿಲ್ಲ..."

"ಆಮೇಲೆ ಕ್ರಾಂತಿ. ಸಿಪಾಯಿಗಳೇ ಸಭೆ ಸೇರಿ, ಕೈ ಎತ್ತಿ ವೋಟು ಹಾಕಿ, ಇವರ ಭುಜದ ಪಟ್ಟಿ ಕಿತ್ರು. ನಮ್ಮ ಸಂಘದ ವಾರ್ಷಿಕ ಸಭೆ ಥರ ಅಂದ್ಕೊಳ್ಳಿ, ಉಪ್ಪಿಟ್ಟು ಒಂದು ಇರಲಿಲ್ಲ..."

"ಹೌದು, ಕೆಂಪು ಸೈನ್ಯದ ಹುಡುಗರಿಗೆ ಯುದ್ಧ ಕಲಿಸಿದ್ರು. ಒಂದು ಚಳಿಗಾಲ. ಹೆಂಡತಿ, ಮಗಳು ಇಬ್ರೂ ಅವರ ವಶದಲ್ಲಿದ್ರಲ್ಲ. 'ನೀನು ಕಲಿಸಿದ್ರೆ ಇವರಿಗೆ ಊಟ' ಅಂದಿದ್ರಂತೆ... ನೀವಾಗಿದ್ರೆ ಒಪ್ತಿರಲಿಲ್ಲ, ಅಲ್ವಾ? ಗೊತ್ತು ಬಿಡಿ. ಹಿಕ್ಸ್‌ವಿಲ್‌ನಲ್ಲಿ ತತ್ವಗಳಿಗೂ ಸೆಂಟ್ರಲ್ ಹೀಟಿಂಗ್ ಇದೆ..."

"ಏನಾಯ್ತು ಅಂದ್ರೆ? ಟೈಫಸ್ ಜ್ವರ ಬಂತು. ಇಬ್ಬರೂ ಹೋದ್ರು. ಮಣ್ಣು ಮಾಡಿ, ತಪ್ಪಿಸಿಕೊಂಡು, ಕೆಂಪಿನವರ ವಿರುದ್ಧ ಕಾದಾಡ್ತಿದ್ದ ಬಿಳಿ ಸೈನ್ಯದ ಹತ್ರ ಹೋದ್ರು. ಅವರೇನು ಹಾರ ಹಾಕಿದ್ರಾ? 'ಕೆಂಪಿನವರ ಮೇಷ್ಟ್ರು ನೀನು' ಅಂತ ವಿಚಾರಣೆ ಮಾಡಿ, ಸಾದಾ ಸಿಪಾಯಿ ಮಾಡಿ, ಕೈಗೆ ಬಂದೂಕು ಕೊಟ್ರು. ತಾನು ಕಲಿಸಿದ ಹುಡುಗರ ಮೇಲೆ ತಾನೇ ಗುಂಡು ಹಾರಿಸಬೇಕು. 'ಚೆನ್ನಾಗಿ ಕಲ್ತಿದ್ರು, ಅದಕ್ಕೇ ನಾವು ಸೋತ್ವಿ' ಅಂತ ನಗ್ತಿದ್ರು..."

"ಹಾಂ, ಆಮೇಲೆ ಹಡಗು ಹತ್ತಿ ಇಸ್ತಾಂಬುಲ್, ಅಲ್ಲಿಂದ ನ್ಯೂಯಾರ್ಕ್. ಇಲ್ಲಿ ಹೋಟೆಲ್ ಬಾಗಿಲು ಕಾದ್ರು. ಜನರಲ್ ಕೋಟಿಗಿಂತ ಆ ಬಾಗಿಲ ಕೋಟಲ್ಲೇ ಜರಿ ಜಾಸ್ತಿ ಇತ್ತಂತೆ..."

"ಹೊರೋಕೆ ಸಿಕ್ಕಿರೋರಾ? ನಮ್ಮನೆಯವರು ಒಬ್ರು. ಆಶ್ರಮದ ಅಡುಗೆಮನೆ ಟೋನಿ ಒಬ್ಬ. ಬದರಿ ಅಂತ ನಮ್ಮನೇಲಿರೋ ಸ್ಟೂಡೆಂಟ್ ಒಬ್ಬ. ಪೆಟ್ಟಿಗೆಗೆ ನಾಲ್ಕು ಮೂಲೆ ಇರುತ್ತಲ್ಲ, ಏನು ಮಾಡೋದು?..."

"ಸಿಟಿಜನ್‌ಶಿಪ್ ಇಂಟರ್‌ವ್ಯೂ?... ಓ, ಮುಂದಿನ ವಾರ. ಹೌದೌದು, ಕೆಂಪಿನವನ ಹೆಣ ಯಾರು ಹೊತ್ರು ಅಂತ ಬರ್ಕೊಳ್ಳೋಕೆ ಇಮಿಗ್ರೇಷನ್‌ನೋರು ಗೋರಿ ಹಿಂದೆ ಬೈನಾಕ್ಯುಲರ್ ಹಿಡ್ಕೊಂಡು ನಿಮಗೇ ಕಾಯ್ತಾ ಕೂತಿರ್ತಾರೆ..."

"ಅದೇನದು ಸದ್ದು?... ಗೋಡೆಯಿಂದ ಅವರ ಜೊತೆಗಿನ ಫೋಟೋ ಇಳಿಸ್ತಿದೀರಾ? ನಾನು ಮಾತಾಡ್ತಿರೋವಾಗಲೇ?..."

ಪಂಕಜಾಗೆ ನಗು ಬಂತು. ಕುರ್ಚಿ ಎಳೆದು ಕೂತಳು. ಅವಳು ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು.

"ಮೊನ್ನೆ ಕೇಳಿದ್ರು, 'ಡಾಕ್ಟರ್, ನಿಮ್ಮೂರಲ್ಲಿ ಸತ್ತವರನ್ನ ಯಾರು ಹೊರ್ತಾರೆ?' ಅಂತ. ಮಕ್ಕಳು, ಅಣ್ಣತಮ್ಮಂದಿರು ಅಂದೆ. 'ಯಾರೂ ಇಲ್ಲದವರನ್ನ?' ಅಂದ್ರು. ನಾಲ್ಕು ಜನ ಸಿಕ್ಕೇ ಸಿಗ್ತಾರೆ ಅಂದುಬಿಟ್ಟೆ. ಬಾಯಿಮಾತಲ್ವಾ..."

"ಸರಿ ಬಿಡಿ. ನಾನೇ ಹೊರ್ತೀನಿ..."

"ಹಾಂ, ಹೆಂಗಸರು ಹೊರಬಾರದು. ಹೊರಬೇಕಾದ ಗಂಡಸರು ಫೋಟೋ ಇಳಿಸ್ತಿದ್ರೆ ಶಾಸ್ತ್ರ ಏನು ಹೇಳುತ್ತೆ, ಸ್ವಲ್ಪ ನೋಡಿ ಹೇಳಿ... ಇಲ್ಲ, ತಮಾಷೆ ಮಾಡ್ತಿಲ್ಲ. ಅವರಿಗೆ ಮಾತು ಕೊಟ್ಟಿದ್ದು ನಾನು. ಸ್ನೋ ಬೂಟು ಹಾಕ್ಕೊಂಡು ಹೊರ್ತೀನಿ..."

"ಹೂವಾ? ಕಳಿಸ್ತೀರಾ?... ಹೆಸರು ಹಾಕದೆ?... ಆಗಲಿ, ಕಳಿಸಿ. ಬಣ್ಣ ಮಾತ್ರ ನೋಡ್ಕೊಳ್ಳಿ. ಕೆಂಪು ಬೇಡ. ಬಿಳೀನೂ ಬೇಡ. ಎರಡೂ ಕಡೆಯವರಿಂದ ಅವರಿಗೆ ಸಾಕಾಗಿದೆ... ಹಲೋ? ಪ್ರಭಾಕರ್ ಅವರೇ?... ಹಲೋ?..."

ಲೈನು ಕಟ್ಟಾಗಿತ್ತು.