ಹಂಸ ಮೇಡಂ ಬಗ್ಗೆ ವಿಜ್ಞಾನದ ಕಡೆಯಿಂದ ಎರಡು ಮಾತು

ಸಭೆಯ ಅಧ್ಯಕ್ಷರಾದ ಚಂದ್ರಶೇಖರಯ್ಯನವರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ಶ್ರೀಮತಿ ಹಂಸ ಅವರೇ, ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಬಂದಿರುವ ಚನ್ನರಾಯಪಟ್ಟಣದ ಸಭಿಕರೇ,

ಹಂಸ ಮೇಡಂ ಬಗ್ಗೆ ಎರಡು ಮಾತನಾಡಿ ಎಂದು ಸಂಘದವರು ಕೇಳಿದರು. ನಾನು ನಿವೃತ್ತ ವಿಜ್ಞಾನದ ಮೇಷ್ಟ್ರು, ತಿರುನಾರಾಯಣ. ಅವರ ಯಜಮಾನನೂ ಹೌದು. ಎರಡನೆಯದನ್ನು ಆಹ್ವಾನ ಪತ್ರಿಕೆಯಲ್ಲಿ ಹಾಕಿಲ್ಲ. ಜಾಗ ಸಾಲಲಿಲ್ಲವಂತೆ.

ನಮ್ಮ 'ಮನೆಮಂದಿಯ ಸಂಜೆ' ಶುರುವಾದದ್ದು ೧೯೯೭ರಲ್ಲಿ. ಯಾಕೆ ಶುರುವಾಯಿತು? ಜನರಿಗೆ ವಿಜ್ಞಾನದ ಮೇಲೆ ಪ್ರೀತಿ ಉಕ್ಕಿತೇ? ಇಲ್ಲ. ಕರೆಂಟು ಹೋಗುತ್ತಿತ್ತು. ಟಿ.ವಿ. ಆರಿಹೋದ ಮನೆಗಳಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುವುದು ಎಲ್ಲರಿಗೂ ಕಷ್ಟವಾಗಿತ್ತು. ಹಾಗಾಗಿ ಶನಿವಾರ ಸಂಜೆ ಶಾಲೆಯ ಅಂಗಳಕ್ಕೆ ಮಕ್ಕಳನ್ನು ಕರೆದೆ. ಮನೆಯ ದೊಡ್ಡವರೊಬ್ಬರು ಜೊತೆಗೆ ಬರಲೇಬೇಕು, ಬಂದವರು ಕೈ ಕೆಸರು ಮಾಡಿಕೊಳ್ಳಲೇಬೇಕು. ಪ್ರಯೋಗಗಳು ನನ್ನವು, ಬಣ್ಣ, ಜೇಡಿಮಣ್ಣು ಹಂಸ ಮೇಡಂ ಅವರವು. ಅವರನ್ನು ಸೇರಿಸಿಕೊಂಡದ್ದು ಸಣ್ಣ ಮಕ್ಕಳನ್ನು ಸುಮ್ಮನೆ ಕೂರಿಸಲು. ಹಾಗೆಂದು ಅವರಿಗೆ ಹೇಳಿಯೂ ಇದ್ದೆ.

ಅವರು ಮದುವೆಗೆ ಮೊದಲೇ ಚಿತ್ರಕಲೆಯ ಪರೀಕ್ಷೆ ಪಾಸು ಮಾಡಿದವರು. ಈ ಸಂಜೆಗಳು ಶುರುವಾದ ವರ್ಷವೇ ಅರಕಲಗೂಡಿನ ಒಂದು ಶಾಲೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಅಲ್ಲೇ ಕೋಣೆ ಮಾಡಿಕೊಂಡಿರಬೇಕು, ಶನಿವಾರ ಬರಬಹುದು. ಹೋಗಲೇ ಎಂದು ಕೇಳಿದರು. ನೋಡೋಣ ಎಂದೆ. ಮತ್ತೆ ಕೇಳಿದರು. ನೋಡೋಣ ಎಂದೆ. ಈ ಪದದ ಅರ್ಥವನ್ನು ಇಲ್ಲಿರುವ ಹೆಂಗಸರಿಗೆ ವಿವರಿಸಬೇಕಾಗಿಲ್ಲ.

ಕೆಲಸಕ್ಕೆ ಸೇರಬೇಕಾದದ್ದು ಸೋಮವಾರ. ಅದರ ಹಿಂದಿನ ಶನಿವಾರ ನಾನು ಬೆಂಕಿಪೊಟ್ಟಣದ ಟೆಲಿಫೋನು ಮಾಡಿಸಿದೆ. ಊರಿನಲ್ಲಿ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ನಮ್ಮಲ್ಲಿ ಕೂತಲ್ಲೇ ಸಂಪರ್ಕ. ಅಂಗಳದ ಆ ತುದಿಯಲ್ಲಿ ಹಂಸ ಮೇಡಂ, ಈ ತುದಿಯಲ್ಲಿ ನಾನು, ನಡುವೆ ಬಿಗಿಯಾದ ದಾರ. ದಾರದ ಮಧ್ಯಕ್ಕೆ ಇನ್ನೊಂದು ಪೊಟ್ಟಣ ಕಟ್ಟಿದರೆ ಮೂರನೆಯವರಿಗೂ ಕೇಳಿಸುತ್ತದೆ ಎಂದು ತೋರಿಸಲು, ತಮ್ಮ ಮೊಮ್ಮಗಳು ಸ್ನೇಹಲತಾಳ ಜೊತೆ ಬಂದಿದ್ದ ಹಿರೀಸಾವೆಯ ಬೆಟ್ಟಮ್ಮನವರ ಕೈಗೆ ಅದನ್ನು ಕೊಟ್ಟಿದ್ದೆ.

ಮಾತನಾಡಿ ಎಂದು ಹಂಸ ಮೇಡಂಗೆ ಕೈ ತೋರಿಸಿದೆ. ಪೊಟ್ಟಣದೊಳಗಿಂದ ಸ್ಪಷ್ಟವಾಗಿ ಬಂತು: "ನಾನು ಅರಕಲಗೂಡಿಗೆ ಹೋಗ್ಲೋ ಬೇಡ್ವೋ?"

"ಕೇಳಿಸ್ತಿದೆ," ಎಂದೆ. ಪ್ರಯೋಗ ಯಶಸ್ವಿ ಎಂದು ಮಕ್ಕಳಿಗೂ ಘೋಷಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಬೆಟ್ಟಮ್ಮನವರು ಪೊಟ್ಟಣವನ್ನು ಕಿವಿಯಿಂದ ತೆಗೆದು ನನ್ನ ಕಡೆ ತಿರುಗಿದರು. "ಕೇಳ್ತೈತಾ ಅಂತಲ್ಲ ಸಾ. ಓಗ್ಲಾ ಬ್ಯಾಡ್ವಾ ಅಂತ ಕೇಳ್ತಾವ್ರೆ ಅಮ್ಮಾರು."

ನನಗೆ ಸಾರು ಮಾಡಲು ಬರುವುದಿಲ್ಲ ಎಂದು ಪೊಟ್ಟಣದಲ್ಲಿ ಹೇಳಿದೆ. ಅದು ಸತ್ಯಾಂಶ. ಆ ತುದಿಯಿಂದ ಉತ್ತರ ಬರಲಿಲ್ಲ. ಮಧ್ಯದಿಂದ ಬಂತು.

"ಕಲೀರಿ ಸಾ. ಬೆಂಕಿಪೊಟ್ಟಣದಾಗೆ ಪೋನು ಮಾಡೋರ್ಗೆ ಸಾರು ಯಾವ್ ದೊಡ್ಡದು."

ಹೋಗು ಎಂದೆ. ನನ್ನ ಕೈ ಸಡಿಲವಾಗಿತ್ತೋ ಏನೋ, ದಾರ ಜೋಲುಬಿದ್ದಿತ್ತು, ಅವರಿಗೆ ಕೇಳಿಸಲಿಲ್ಲ. ಪೊಟ್ಟಣ ಕೆಳಗಿಟ್ಟು, ಎಲ್ಲರೆದುರು ಬಾಯಿಬಿಟ್ಟೇ ಹೇಳಬೇಕಾಯಿತು. ಅವರು ತಲೆಯಾಡಿಸಿ, ಮುಂದಿನ ಮಗುವಿಗೆ ದಾರ ಪೋಣಿಸಿಕೊಡಲು ಕೂತರು. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡದ್ದನ್ನು ನೋಡಿದೆ. ಸೆಕೆಯೂ ಇತ್ತು.

ಅವರು ಹೋದರು. ಸಾರು ಕಲಿತೆ. ಶನಿವಾರ ಅರಕಲಗೂಡಿನ ಬಸ್ಸಿನಿಂದ ಅವರು ಜೇಡಿಮಣ್ಣಿನ ಚೀಲದ ಸಮೇತ ಇಳಿಯುತ್ತಿದ್ದರು. ಬರಬರುತ್ತಾ ಜನ ನನ್ನ ಪ್ರಯೋಗ ಮುಗಿಯುವುದನ್ನೇ ಕಾಯತೊಡಗಿದರು.

ಮರುವರ್ಷ ಒಂದು ಸಂಜೆ ಅವರು, ನಿಮ್ಮ ಮನೆಯವರೊಬ್ಬರ ಮುಖವನ್ನು ನೋಡದೆ ಬರೆಯಿರಿ ಎಂದರು. ನನಗೂ ಒಂದು ಹಾಳೆ ಕೊಟ್ಟರು. ನಮಗೆ ಮಕ್ಕಳಿಲ್ಲ, ಬರೆಯಲು ನನಗಿದ್ದದ್ದು ಒಂದೇ ಮುಖ. ಕೈವಾರದಿಂದ ವೃತ್ತ ಹಾಕಿದೆ. ಕಿವಿ, ಕಣ್ಣು ಅಳತೆಗೆ ಸರಿಯಾಗಿ ಕೂತವು. ಮೂಗಿನ ಹತ್ತಿರ ನಿಂತುಹೋದೆ. ಮೂಗುಬೊಟ್ಟು ಯಾವ ಕಡೆ? ಮದುವೆಯಾದಾಗಿನಿಂದ ಕಾಣುತ್ತಾ ಬಂದ ಮುಖ. ನನಗೆ ಗೊತ್ತಿರಲಿಲ್ಲ. ಸುರಕ್ಷಿತವಾಗಿರಲಿ ಎಂದು ಎರಡೂ ಕಡೆ ಇಟ್ಟೆ.

ಅವರು ಹಾಳೆಗಳನ್ನು ನೋಡುತ್ತಾ ಸಾಲಿನಲ್ಲಿ ಬಂದರು, ನನ್ನದನ್ನೂ ನೋಡಿದರು, ಮುಂದಿನ ಹಾಳೆಗೆ ಹೋದರು.

ಮಾರನೆಯ ಬೆಳಿಗ್ಗೆ, ಕಾಫಿಯಾದ ಮೇಲೆ, ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. "ಈಗ ನೋಡಿ ಬರೀರಿ," ಎಂದರು.

ಊಟದ ಹೊತ್ತು ಮೀರುವವರೆಗೆ ಬರೆದೆ. ಸಭಿಕರೇ, ಮೂಗುಬೊಟ್ಟು ಒಂದೇ, ಬಲಗಡೆ. ಅದರ ಕೆಳಗೆ ಒಂದು ಸಣ್ಣ ಮಚ್ಚೆ ಇದೆ. ಅದನ್ನು ಅವರು ಹೇಳಿಕೊಟ್ಟದ್ದಲ್ಲ, ನಾನೇ ಕಂಡುಹಿಡಿದದ್ದು. ವಿಜ್ಞಾನದ ಕಡೆಯಿಂದ ನನ್ನ ಸಾಧನೆ ಇಷ್ಟೇ.

ಮೇಡಂ ಸಾಕು ಎನ್ನುವಂತೆ ನೋಡುತ್ತಿದ್ದಾರೆ. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೂ, ಮನೆಗೆ ಹೋದ ಮೇಲೂ ಸಹಿಸಿಕೊಳ್ಳಬೇಕಾದ ಅವರಿಗೂ ವಂದನೆಗಳು. ನಮಸ್ಕಾರ.