ನಲವತ್ತನಾಲ್ಕು ಮೀಟರ್ ಆಳದ ಬಿರಡೆ

ನಾನು, ದಡದವರೆಲ್ಲ ಕತ್ತರಿ ಅಕ್ಕ ಎಂದು ಕರೆಯುವವಳು, ವಯಸ್ಸು 38 ವರ್ಷ, ಕಸುಬು ಟಾರ್ಪಾಲು ಮತ್ತು ಚೀಲ ಹೊಲಿಯುವುದು, ವಾಸ ಸರೋವರದ ದೋಣಿಕಟ್ಟೆಯ ಎದುರು ಕಬ್ಬಿಣದ ಅಂಗಡಿಯ ಮೇಲಿನ ಮಹಡಿ, ಇಂದು ಬೆಳಿಗ್ಗೆ 11.45ಕ್ಕೆ ತಲೆಗೂದಲು ಒಣಗುವ ಮೊದಲೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಹನ್ನೊಂದು ತಿಂಗಳ ಹಿಂದೆ ಇದೇ ಮೇಜಿನ ಮುಂದೆ ಕೂತು ನಾನು ಕೊಟ್ಟ ಹೇಳಿಕೆ ತಪ್ಪು. ಬೇಕೆಂದು ಹೇಳಿದ ಸುಳ್ಳಲ್ಲ. ಬರೆದುಕೊಳ್ಳುತ್ತಿರುವ ಪೇದೆಯವರು ನಿಧಾನವಾಗಿ ಹೇಳುವಂತೆ ಈಗಾಗಲೇ ಎರಡು ಸಲ ಕೇಳಿಕೊಂಡಿದ್ದಾರೆ. ಪ್ರಯತ್ನಿಸುತ್ತೇನೆ.

ನನ್ನ ಅಣ್ಣ ಹತ್ತೊಂಬತ್ತು ವರ್ಷ ಈ ಸರೋವರದಲ್ಲಿ ಪ್ರಯಾಣಿಕರ ಬೋಟ್ ನಡೆಸಿದವನು. ಕಳೆದ ವರ್ಷ ಒಂದು ಬೆಳಿಗ್ಗೆ 9.40ಕ್ಕೆ, ದಡದಿಂದ 600 ಮೀಟರ್ ದೂರದಲ್ಲಿ, ಅವನ ಬೋಟಿಗೆ ನೀರು ನುಗ್ಗಿ ಮುಳುಗಿತು. ಹದಿನಾಲ್ಕು ಮಂದಿ ಪ್ರಯಾಣಿಕರನ್ನೂ ಇನ್ನೊಂದು ಬೋಟ್ ಹತ್ತಿಸಿ ಕೊನೆಯಲ್ಲಿ ತಾನು ಹತ್ತಿದ. ಬೋಟಿನ ಹಿಂಭಾಗದ ತಳದಲ್ಲಿ ನೀರು ಬಸಿಯಲು ಒಂದು ತೂತಿದೆ. ಹೊರಡುವ ಮೊದಲು ಅದಕ್ಕೆ ಹಿತ್ತಾಳೆಯ ಬಿರಡೆ ತಿರುಗಿಸಿ ಮುಚ್ಚಬೇಕು. ಅಣ್ಣ ಅದನ್ನು ಮರೆತನೆಂದು ಬೋಟಿನ ಮಾಲೀಕರು ದೂರಿದರು. ಹಾಕಿದ್ದೆ ಎಂದು ಅಣ್ಣ ಹೇಳಿದ. ಬೋಟ್ 44 ಮೀಟರ್ ಆಳದಲ್ಲಿ ಕೂತಿತ್ತು, ಎತ್ತಲು ಯಾರೂ ಮುಂದೆ ಬರಲಿಲ್ಲ.

ನನಗೆ ಮೂರು ವರ್ಷದಿಂದ ಡೈವಿಂಗ್ ಹುಚ್ಚು. ಸಿಲಿಂಡರಿನಲ್ಲಿ ಮಾಮೂಲಿ ಗಾಳಿ ತುಂಬಿಕೊಂಡು ಇಳಿದರೆ 40 ಮೀಟರ್ ದಾಟಬಾರದೆಂದು ಗೊತ್ತಿತ್ತು. ಆದರೂ ಅಣ್ಣನನ್ನು ಉಳಿಸಿಯೇ ಬಿಡುತ್ತೇನೆಂದು ಯಾರ ಮಾತೂ ಕೇಳದೆ ಒಬ್ಬಳೇ ಇಳಿದೆ. ಮೇಲೆ ಬಂದು, ತೂತು ತೆರೆದಿದೆ, ಬಿರಡೆ ಇಲ್ಲ ಎಂದು ಹೇಳಿಕೆ ಕೊಟ್ಟೆ. ಕಂಡದ್ದನ್ನೇ ಹೇಳಿದೆ ಎಂದು ನಂಬಿದ್ದೆ. ಅಣ್ಣನ ಲೈಸೆನ್ಸ್ ಹೋಯಿತು. ಅವನು ರೇಗಲಿಲ್ಲ. "ಹಾಕಿದ ಹಾಗೇ ನೆನಪು. ಆದ್ರೆ ನೀನೇ ಕಣ್ಣಾರೆ ನೋಡ್ಬಂದ ಮೇಲೆ, ನಾನೇ ಮರ್ತಿರ್ಬೇಕು ಬಿಡು" ಎಂದ. ಅಂದಿನಿಂದ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದಾನೆ, ಸರೋವರದ ಕಡೆ ತಲೆ ಹಾಕುವುದಿಲ್ಲ. ನಾಲ್ಕು ಮಾತು ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ನಾಲ್ಕು ತಿಂಗಳ ಹಿಂದೆ, ದೋಣಿಕಟ್ಟೆಯಲ್ಲಿ ಡೈವಿಂಗ್ ಕಲಿಸುವ ಮೇಷ್ಟ್ರು ಚೀಲ ಹೊಲಿಸಲು ಬಂದವರು, ಗೋಡೆಗೆ ನೇತುಹಾಕಿದ್ದ ನನ್ನ ಸ್ಲೇಟ್ ನೋಡಿದರು. ಅದು ನೀರಿನಡಿ ಬರೆಯುವ ಪ್ಲಾಸ್ಟಿಕ್ ಸ್ಲೇಟ್. ಬೋಟ್ ನೋಡಲು ಇಳಿದಂದು ಅದರ ಮೇಲೆ "ತೂತು" ಎಂದು ಏಳು ಸಲ ಬರೆದು ಪಕ್ಕದಲ್ಲಿ ನಗುವ ಮುಖ ಬಿಡಿಸಿದ್ದೆ. ಬರೆದದ್ದು ನೆನಪಿದೆ, ಮುಖ ಬಿಡಿಸಿದ್ದು ನೆನಪಿಲ್ಲ. ಅಷ್ಟು ಆಳದಲ್ಲಿ ಗಾಳಿಯೊಳಗಿನ ನೈಟ್ರೋಜನ್ ಹೆಂಡದ ಹಾಗೆ ತಲೆಗೇರುತ್ತದೆ ಎಂದು ಮೇಷ್ಟ್ರು ತಿಳಿಸಿದರು. "ನೀವು ಕುಡಿದವರ ಥರ ಸಾಕ್ಷಿ ಹೇಳಿದೀರಮ್ಮ" ಎಂದರು. ಹೀಲಿಯಂ ಬೆರೆಸಿದರೆ ತಲೆ ತಿಳಿಯಾಗಿರುತ್ತದೆ, ಆದರೆ ಅದನ್ನು ಕಲಿತೇ ಇಳಿಯಬೇಕು ಎಂದರು. ಅವತ್ತೇ ಸೇರಿಕೊಂಡೆ.

ತಾನು ಉಸಿರಾಡುವ ಅನಿಲವನ್ನು ತಾನೇ ಮೀಟರ್ ಹಿಡಿದು ಅಳೆದು, ಸಿಲಿಂಡರಿನ ಪಟ್ಟಿಯ ಮೇಲೆ ತಾನೇ ಬರೆದು ಸಹಿ ಹಾಕಬೇಕೆಂಬುದು ಮೇಷ್ಟ್ರ ನಿಯಮ. ನಿನ್ನೆ ಬೆಳಿಗ್ಗೆ 11ಕ್ಕೆ ತುಂಬಿಸಿದ ತಕ್ಷಣ ಅಳೆದಾಗ ಹೀಲಿಯಂ ಶೇಕಡಾ 35 ಬರಬೇಕಾದಲ್ಲಿ 29 ಬಂತು. ಆರು ಏನು ಮಹಾ, ಹೊರಡೋಣ ಎಂದೆ. ಅನಿಲಗಳು ಇನ್ನೂ ಸರಿಯಾಗಿ ಬೆರೆತಿಲ್ಲ, ಸಿಲಿಂಡರ್ ಮಲಗಿಸಿಟ್ಟು ನಾಳೆ ಅಳೆಯಿರಿ ಎಂದು ಮೇಷ್ಟ್ರು ಕಿತ್ತಿಟ್ಟುಕೊಂಡರು. "ಒಂದ್ಸಲ ಆತುರಪಟ್ಟು ಅಣ್ಣನ್ನ ಮುಳುಗಿಸಿದ್ದು ಸಾಲ್ದಾ?" ಎಂದೂ ಕೇಳಿದರು. ಸಿಲಿಂಡರ್ ಅಲ್ಲೇ ಬಿಟ್ಟು ಮನೆಗೆ ಹೋದೆ. ಇಂದು 7.30ಕ್ಕೆ ಅಳೆದರೆ ಆಮ್ಲಜನಕ 21, ಹೀಲಿಯಂ 35. ಸಹಿ ಹಾಕಿದೆ. ಒಂದು ಗುಟುಕು ಎಳೆದು ಮಾತಾಡಿದಾಗ ನನ್ನ ದನಿ ಕೀಚಲಾಯಿತು, ಮೇಷ್ಟ್ರೂ ನಕ್ಕರು.

10.05ಕ್ಕೆ ಇಬ್ಬರೂ ಇಳಿದೆವು. 10.09ಕ್ಕೆ 44 ಮೀಟರ್. ಕನ್ನಡಕ ಒರೆಸಿ ಹಾಕಿಕೊಂಡ ಹಾಗಿತ್ತು. ಬೋಟಿನ ಹಿಂಭಾಗದಲ್ಲಿ ಇರುವುದು ಒಂದಲ್ಲ, ಎರಡು ತೂತು. ಎಡಕ್ಕೆ ಮೇಲಿರುವುದು ಪಂಪ್ ನೀರು ಹೊರಗೆ ಚೆಲ್ಲುವ ತೂತು. ಅದು ಯಾವಾಗಲೂ ತೆರೆದೇ ಇರುತ್ತದೆ. ಅಂದು ನಾನು ನೋಡಿ ನಕ್ಕು ಬಂದದ್ದು ಅದನ್ನು. ಅದರಿಂದ 40 ಸೆಂಟಿಮೀಟರ್ ಕೆಳಗೆ ಹೂಳು ಮೆತ್ತಿಕೊಂಡಿತ್ತು. ಬೆರಳಿನಿಂದ ಒರೆಸಿದೆ. ಬಿರಡೆ ಇತ್ತು. ತಿರುಗಿಸಲು ನೋಡಿದೆ, ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಬಿರಡೆಯ ಸುತ್ತ ಹಸಿರು ಬಟ್ಟೆಯ ಅಂಚು ಇಣುಕುತ್ತಿತ್ತು. ಬಿರಡೆ ಬಿಗಿಯಾಗಿ ಕೂರಲೆಂದು ಅಣ್ಣ ದಿನಾ ಬೆಳಿಗ್ಗೆ ನನ್ನ ಅಂಗಡಿಯ ಚೂರುಬಟ್ಟೆಯ ಹೊಸ ಪಟ್ಟಿ ಸುತ್ತುತ್ತಿದ್ದ. ಹಸಿರು ಟಾರ್ಪಾಲು ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ಬೋಟ್ ಮುಳುಗಿದ ಹಿಂದಿನ ಸಂಜೆ. ಆ ಚೂರನ್ನು ನಾನೇ ಅವನ ಕೈಗೆ ಕೊಟ್ಟಿದ್ದೆ. ಅಂದರೆ ಅವನು ಅವತ್ತೇ ಬೆಳಿಗ್ಗೆ ಹಾಕಿದ್ದಾನೆ.

ಬೋಟಿನ ಒಳಗೆ, ಆ ಮೇಲಿನ ತೂತಿಗೆ ಸೇರಿರಬೇಕಾದ ಪಂಪಿನ ಪೈಪ್ ಕಳಚಿ ನೇತಾಡುತ್ತಿದೆ. ಯಾಕೆ ಕಳಚಿತು, ನೀರು ಅಲ್ಲಿಂದಲೇ ನುಗ್ಗಿತೇ ಎಂಬುದನ್ನು ಬಲ್ಲವರು ಹೇಳಲಿ, ನಾನು ಕಂಡಷ್ಟೇ ಹೇಳುತ್ತೇನೆ. ಮೇಷ್ಟ್ರು ಎಲ್ಲದರ ಫೋಟೊ ತೆಗೆದಿದ್ದಾರೆ. ಅಂದು ಬರೆದದ್ದು, ಇಂದು ಬರೆದದ್ದು, ಎರಡೂ ಸ್ಲೇಟ್ ಹಾಜರುಪಡಿಸಿದ್ದೇನೆ, ಅಕ್ಷರ ಹೋಲಿಸಿ ನೋಡಬಹುದು. 10.21ಕ್ಕೆ ತಳ ಬಿಟ್ಟು, ಮೈಗೇರಿದ ಅನಿಲ ಇಳಿಯಲೆಂದು ನಿಯಮದಂತೆ ಅಲ್ಲಲ್ಲಿ ನಿಂತು, 10.50ಕ್ಕೆ ಮೇಲೆ ಬಂದೆ. ಇಷ್ಟು ದೊಡ್ಡ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು 29 ನಿಮಿಷ ಹಗ್ಗ ಹಿಡಿದು ಸುಮ್ಮನಿರುವುದು ಎಂಥ ಶಿಕ್ಷೆ ಎಂದು ದಾಖಲಿಸಬೇಕಾಗಿ ಕೋರುತ್ತೇನೆ.

ಗೋದಾಮಿಗೆ ಓಡಿ ಅಣ್ಣನನ್ನು ಕೈ ಹಿಡಿದು ಎಳೆದುಕೊಂಡು ಬಂದೆ. ದಾರಿಯಲ್ಲಿ ಏನೂ ಹೇಳಲಿಲ್ಲ. ಹೋದ ಸಲ ನನ್ನ ಬಾಯಿಮಾತು ನಂಬಿ ಕೆಟ್ಟಿದ್ದಾನೆ, ಈ ಸಲ ಬರವಣಿಗೆಯಲ್ಲೇ ಕೇಳಲಿ ಎಂದು. ಹಳೆಯ ಹೇಳಿಕೆ ಹರಿದುಹಾಕಿ ಎಂದು ಕೇಳಿದ್ದಕ್ಕೆ, ಅದು ಆಗುವುದಿಲ್ಲ, ಎರಡೂ ಕಡತದಲ್ಲಿರುತ್ತವೆ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದರು. ಇರಲಿ ಎಂದೆ.

ಮೇಲಿನದೆಲ್ಲವನ್ನೂ ಹೊರಗಿನ ಬೆಂಚಿನಲ್ಲಿದ್ದ ಅಣ್ಣನನ್ನು ಒಳಗೆ ಕರೆದು ನಮ್ಮಿಬ್ಬರ ಮುಂದೆ ಓದಲಾಯಿತು. ನಾನು ಹೇಳಿದಂತೆಯೇ ಇದೆ. ತಿಳಿಯಾದ ತಲೆಯಿಂದ ನೋಡಿ ಹೇಳಿದ ನಿಜ. ಹಸಿರು ಬಟ್ಟೆಯ ಭಾಗವನ್ನು ಇನ್ನೊಮ್ಮೆ ಓದುವಂತೆ ಅಣ್ಣ ಕೇಳಿದ್ದರಿಂದ ಅದನ್ನು ಮತ್ತೆ ಓದಲಾಯಿತು. ಮೂರನೆಯ ಸಲವೂ ಓದಲಾಯಿತು.

ಸ್ಥಳ: ಠಾಣೆಯ ಬರವಣಿಗೆ ಕೋಣೆ
ದಿನಾಂಕ: 14ನೇ ತಾರೀಖು, ಮಧ್ಯಾಹ್ನ 1.20
ಸಹಿ: ಕತ್ತರಿ ಅಕ್ಕ

ಓದುವಾಗ ಹಾಜರಿದ್ದವರ ಸಹಿ: ಹೇಳಿಕೆದಾರಳ ಅಣ್ಣ
ಉದ್ಯೋಗ (ಸ್ವಂತ ಕೈಬರಹದಲ್ಲಿ): ಬೋಟ್ ಚಾಲಕ