ಹನ್ನೊಂದನೇ ಹಾಸಿಗೆಯ ಪಕ್ಕದಲ್ಲಿ ಹೇಳಿದ ಒಂದು ಹೌದು

ಒಂದೂರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಿಕೆ ಓದುವ ಒಬ್ಬ ಹುಡುಗನಿದ್ದ. ಶ್ರೀಮಂತ ಅಂತಲೇ ಹೇಳಬೇಕು, ಆದರೆ ಹೊಲಮನೆಯ ಶ್ರೀಮಂತನಲ್ಲ, ಬುದ್ಧಿಯ ಶ್ರೀಮಂತ. ಒಮ್ಮೆ ಓದಿದ್ದು ಅವನ ತಲೆಯಿಂದ ಜಾರುತ್ತಿರಲಿಲ್ಲ. ನಮ್ಮ ನಿಮ್ಮ ಮನೆಗಳಲ್ಲೂ ಅಂಥ ಮಕ್ಕಳಿದ್ದಾರೆ, ಅವರನ್ನು ಕಂಡರೆ ನಮಗೆ ಹೆಮ್ಮೆ. ಹೆಮ್ಮೆಪಡುವುದು ತಪ್ಪಲ್ಲ. ಆದರೆ ಈ ಕಥೆ ಮುಗಿಯುವ ತನಕ ಅದನ್ನು ಸ್ವಲ್ಪ ಪಕ್ಕಕ್ಕಿಟ್ಟು ಕೂತಿರಿ.

ಡಾಕ್ಟರಿಕೆ ಓದಿನಲ್ಲಿ ಎಲೆಕ್ಟಿವ್ ಅಂತ ಒಂದು ಪದ್ಧತಿ ಇದೆ. ವಿದ್ಯಾರ್ಥಿ ತನಗಿಷ್ಟವಾದ ವಿಭಾಗವನ್ನು ತಾನೇ ಆರಿಸಿಕೊಂಡು, ಕೆಲವು ವಾರ ಅಲ್ಲೇ ಇದ್ದು ಕೆಲಸ ಕಲಿಯುತ್ತಾನೆ. ನಮ್ಮ ಹುಡುಗ ಹೊಟ್ಟೆ, ಕರುಳು, ಲಿವರ್ ನೋಡುವ ವಿಭಾಗವನ್ನು ಆರಿಸಿಕೊಂಡ. ಯಾಕೆ? ಅಲ್ಲಿ ಎಂಡೋಸ್ಕೋಪಿ ಇತ್ತು. ಬಾಯಿಯ ಮೂಲಕ ನಳಿಗೆ ಇಳಿಸಿದರೆ ಹೊಟ್ಟೆಯ ಒಳಗೆಲ್ಲ ಪರದೆಯ ಮೇಲೆ ಕಾಣುತ್ತದೆ. ಅದನ್ನು ಮೊದಲ ಸಲ ನೋಡಿದ ದಿನವೇ ಅವನು ಮರುಳಾಗಿಬಿಟ್ಟಿದ್ದ.

ಆದರೆ ಆ ವಿಭಾಗದ ಹಿರಿಯ ಡಾಕ್ಟರರದು ಒಂದು ನಿಯಮ. ಬಂದ ವಿದ್ಯಾರ್ಥಿಗೆ ಮೊದಲು ಒಬ್ಬ ರೋಗಿಯನ್ನು ಒಪ್ಪಿಸುತ್ತಿದ್ದರು. ಫೈಲು ಮುಟ್ಟುವ ಹಾಗಿಲ್ಲ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ನೋವು ಯಾವಾಗಿನಿಂದ, ಊಟ ಹೇಗೆ, ಏನೇನು ಮಾತ್ರೆ ನುಂಗುತ್ತೀರಿ ಎಂದು ಮೊದಲಿನಿಂದ ತಾನೇ ವಿಚಾರಿಸಿ ಬರೆದುಕೊಳ್ಳಬೇಕು. ಮರುದಿನ ಹಿರಿಯರು ಹಾಸಿಗೆಯಿಂದ ಹಾಸಿಗೆಗೆ ನೋಡುತ್ತ ಬರುವ ರೌಂಡ್ಸಿನಲ್ಲಿ ಎಲ್ಲರೆದುರು ಅದನ್ನು ಹೇಳಬೇಕು.

ಹುಡುಗನಿಗೆ ಒಪ್ಪಿಸಿದ್ದು ಹನ್ನೊಂದನೇ ಹಾಸಿಗೆಯ ತಾಯಿಯನ್ನು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಹೆಂಗಸು. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿತ್ತು. ಕಲಿಯುವವರಿಗೆ ಇಂಥ ಹೊಟ್ಟೆ ಅಂದರೆ ಪಾಠದ ಪುಸ್ತಕವೇ ತೆರೆದಿಟ್ಟ ಹಾಗೆ. ಒಬ್ಬರಾದ ಮೇಲೊಬ್ಬರು ಬಂದು ಒತ್ತುತ್ತಿದ್ದರು, ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ನೋಡಿಕೊಳ್ಳಲು ಜೊತೆಗಿದ್ದ ಮಗಳು ಸಿಡುಕಿದರೆ ಆ ತಾಯಿಯೇ ಸಮಾಧಾನ ಹೇಳುತ್ತಿದ್ದಳು, ಕಲೀಲಿ ಬಿಡು, ನಾಳೆ ಎಷ್ಟೋ ಮಂದಿಗೆ ಉಪಯೋಗಕ್ಕ ಬರ್ತಾರ ಅಂತ. ನೋಡಿ, ನೋವಿನಲ್ಲಿ ಮಲಗಿದವಳು ಆಡುವ ಮಾತು ಅದು.

ಹುಡುಗ ಸ್ಟೂಲು ಎಳೆದುಕೊಂಡು ಕೂತ. ಹೆಸರು ಕೇಳಿದ, ಊರು ಕೇಳಿದ. ಅಷ್ಟರಲ್ಲಿ ಗೆಳೆಯನೊಬ್ಬ ಬಾಗಿಲಲ್ಲಿ ನಿಂತು, ಎಂಡೋಸ್ಕೋಪಿ ಕೋಣೆಯಲ್ಲಿ ಅಪರೂಪದ ಕೇಸೊಂದು ಶುರುವಾಗುತ್ತಿದೆ ಎಂದು ಕರೆದ. ಹುಡುಗನ ಮನಸ್ಸು ಅತ್ತ ಹಾರಿತು. ಸಿಸ್ಟರ್ ಮೇಜಿನ ಮೇಲೆ ಫೈಲು ಇತ್ತು. ಹಿಂದಿನ ವಾರ ದಾಖಲು ಮಾಡಿಕೊಂಡವರು ಎಲ್ಲವನ್ನೂ ಚೊಕ್ಕವಾಗಿ ಬರೆದಿದ್ದರು. ಕಾಲು ಗಂಟೆಯ ಕೆಲಸ, ಇಳಿಸಿಕೊಂಡ. ಬೇರೆ ಯಾವ ಮಾತ್ರೆಯೂ ಇಲ್ಲ ಎಂಬ ಸಾಲೂ ಅದರಲ್ಲಿತ್ತು, ಅದನ್ನೂ ಇಳಿಸಿಕೊಂಡ.

ಹೊರಡುವಾಗ ಆ ತಾಯಿ ಕರೆದಳು. "ತಮ್ಮಾ, ನಿನಗೊಂದು ಮಾತು ಕೇಳೂದೈತಿ."

ನಾಳೆ ಬರುತ್ತೇನಮ್ಮಾ ಎಂದು ಹೋದ. ಬರುವ ಮನಸ್ಸು ಅವನಿಗೆ ನಿಜವಾಗಿಯೂ ಇತ್ತು. ನಮಗೆಲ್ಲ ಇರುತ್ತದಲ್ಲವೇ, ನಾಳೆ ಹೋಗುವ ಮನಸ್ಸು?

ಮರುದಿನ ರೌಂಡ್ಸು. ಹಾಸಿಗೆಯ ಸುತ್ತ ಬಿಳಿ ಕೋಟುಗಳು. ಹುಡುಗ ಇಂಗ್ಲಿಷಿನಲ್ಲಿ ನೀರು ಕುಡಿದ ಹಾಗೆ ಹೇಳಿದ. ಹಿರಿಯರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಕೊನೆಗೆ ಒಂದೇ ಪ್ರಶ್ನೆ ಹಾಕಿದರು, ಅದೂ ಇಂಗ್ಲಿಷಿನಲ್ಲೇ. "ಬೇರೆ ಮಾತ್ರೆ ಇಲ್ಲ ಅಂದೆಯಲ್ಲ, ಅದನ್ನು ಇವರ ಬಾಯಿಂದಲೇ ತಿಳಿದುಕೊಂಡೆಯಾ?"

ಬಂಧುಗಳೇ, ಇಲ್ಲಿ ಒಂದು ಗಳಿಗೆ ನಿಲ್ಲಿ. ಹುಡುಗ ಇಲ್ಲ ಅಂದರೆ ಎಲ್ಲರೆದುರು ಮುಖ ಸಣ್ಣದಾಗುತ್ತದೆ. ಹೌದು ಅಂದರೆ ಸೈ ಅನ್ನಿಸಿಕೊಳ್ಳಬಹುದು. ಆ ತಾಯಿ ಅವನ ಕೈಯಳತೆಯಲ್ಲೇ ಮಲಗಿದ್ದಾಳೆ, ಈಗಲಾದರೂ ಬಗ್ಗಿ ವಿಚಾರಿಸಿದ್ದರೆ ಆಗುತ್ತಿತ್ತು. ಆದರೆ ಅವನು "ಹೌದು ಸರ್" ಅಂದ. ಆಕೆಗೆ ಇಂಗ್ಲಿಷ್ ಬರುವುದಿಲ್ಲ. ತನ್ನ ವಿಷಯ ಯಾರೋ ಇಷ್ಟು ಚೆನ್ನಾಗಿ ಮಾತಾಡುತ್ತಿದ್ದಾರಲ್ಲ ಎಂದು ಅವನನ್ನು ನೋಡಿ ನಕ್ಕಳು. ಹಿರಿಯರು ನಂಬಿ ಮುಂದಿನ ಹಾಸಿಗೆಗೆ ಹೋದರು. ಹುಡುಗನೂ ಅವರ ಹಿಂದೆ ಹೋದ, ಆಮೇಲೂ ಆಕೆಯ ಹತ್ತಿರ ಬಂದು ಕೂರಲಿಲ್ಲ.

ಎರಡು ದಿನ ಕಳೆದು, ಬೆಳಗಿನ ಉಪ್ಪಿಟ್ಟು ಹಂಚುವ ಹೊತ್ತಿಗೆ, ಆ ತಾಯಿ ರಕ್ತ ಕಾರಿಕೊಂಡಳು. ಎಲ್ಲರೂ ಓಡಿ ಬಂದರು, ಎಂಡೋಸ್ಕೋಪಿ ಕೋಣೆಗೆ ಒಯ್ದರು. ಹುಡುಗ ಆಸೆಪಟ್ಟ ಆ ಪರದೆಯ ಮೇಲೆ ಅವತ್ತು ಆಕೆಯ ಹೊಟ್ಟೆಯ ಹುಣ್ಣುಗಳು ಕಂಡವು, ರಕ್ತ ಜಿನುಗುತ್ತಿತ್ತು. ಹಾಸಿಗೆ ಬದಲಿಸುವಾಗ ಸಿಸ್ಟರಿಗೆ ದಿಂಬಿನ ಕೆಳಗೆ ನೋವಿನ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಇಂಥ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಲಿವರ್ ಕೆಟ್ಟವರಿಗಂತೂ ಕೊಡಲೇಬಾರದು. ಮೊಣಕಾಲು ನೋವಿಗೆಂದು ವರ್ಷಗಳಿಂದ ಅಂಗಡಿಯಲ್ಲಿ ಕೊಂಡು ನುಂಗುತ್ತಿದ್ದದ್ದು, ಆಸ್ಪತ್ರೆಗೆ ಬಂದ ಮೇಲೂ ಬಿಟ್ಟಿರಲಿಲ್ಲ. ದಾಖಲಾಗುವಾಗ ಆಕೆಯನ್ನು ಕೇಳಿದ್ದು ಶುಗರ್, ಬಿಪಿ ಮಾತ್ರೆಗಳ ವಿಷಯ ಮಾತ್ರ. ಆಕೆ ಇಲ್ಲ ಅಂದದ್ದು ನಿಜವೇ ಆಗಿತ್ತು. ಬರೆದವರು ಯಾವ ಮಾತ್ರೆಯೂ ಇಲ್ಲ ಎಂದು ಬರೆದರು.

ಮರುದಿನ ಮಧ್ಯಾಹ್ನ ಆ ತಾಯಿ ತೀರಿಕೊಂಡಳು. ಆ ಮಾತ್ರೆಯೇ ಕೊಂದಿತು ಎಂದು ನಾನು ಹೇಳಲಾರೆ, ಲಿವರ್ ಆಗಲೇ ಸೋತಿತ್ತು. ಆದರೆ ಆಕೆಗೆ ಉಳಿದಿದ್ದ ದಿನಗಳಿಂದ ಅದು ಎಷ್ಟನ್ನು ಕಿತ್ತುಕೊಂಡಿತೋ ಯಾರು ಬಲ್ಲರು? ಹುಡುಗ ಹಿರಿಯರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡ. ಅವರು ಬೈಯಲಿಲ್ಲ. "ನಾನೂ ಬಗ್ಗಿ ಆಕೆಯನ್ನೇ ಕೇಳಬಹುದಿತ್ತು, ನಿನ್ನ ಮಾತಿಗೆ ಒಪ್ಪಿ ಮುಂದೆ ಹೋದೆ" ಎಂದು ತಲೆ ತಗ್ಗಿಸಿದರು. ಬೈದಿದ್ದರೆ ಹುಡುಗನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ಅವನು ಮಗಳ ಹತ್ತಿರ ಹೋದ. ನಿಮ್ಮ ತಾಯಿ ಏನೋ ಕೇಳಬೇಕು ಅಂದಿದ್ದರು, ನಾನು ನಿಲ್ಲಲಿಲ್ಲ, ಕೇಳದೆಯೇ ಕೇಳಿದ್ದೇನೆ ಅಂದುಬಿಟ್ಟೆ, ಎಂದು ಅತ್ತ. ಮಗಳು ಅವನ ಮುಖ ನೋಡಿ ಹೇಳಿದಳು.

"ಮೊಣಕಾಲಿನ ಗುಳಿಗಿ ತಗೊಳ್ಳಲೋ ಬ್ಯಾಡೋ ಅಂತ ಕೇಳಬೇಕಂತ ಮಾಡಿದ್ಲು ರೀ. ದೊಡ್ಡ ಡಾಕ್ಟರಿಗೆ ಇಷ್ಟು ಸಣ್ಣ ಮಾತು ಹ್ಯಾಂಗ ಕೇಳೂದು, ಆ ಹುಡುಗ ನಾಳೆ ಬರ್ತೀನಿ ಅಂದಾನ, ಅವನಿಗೇ ಕೇಳ್ತೀನಿ, ಅಂತ ನಿಮ್ಮ ದಾರಿ ಕಾಯ್ಕೊಂಡು ಕುಂತಿದ್ಲು."

ಅಷ್ಟೇ. ಕಥೆ ಇಲ್ಲಿಗೆ ಮುಗಿಯಿತು.

ಈಗ ನಿಮ್ಮಲ್ಲಿ ಕೆಲವರು ಆ ಹುಡುಗನನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೀರಿ. ಶಪಿಸಬೇಡಿ. ಅಣ್ಣ ಪರ ಊರಿನಿಂದ ಫೋನು ಮಾಡಿ, ಅವ್ವ ಊಟ ಮಾಡಿದಳಾ, ಔಷಧ ತಗೊಂಡಳಾ ಎಂದರೆ, ಟಿವಿಯಿಂದ ಕಣ್ಣು ತೆಗೆಯದೆ ಹೂಂ ಅಂದವರು ಯಾರು? ಹೆಂಡತಿ ಆರಾಮಿದ್ದಾಳೆ, ಸೊಸೆ ಸುಖವಾಗಿದ್ದಾಳೆ ಎಂದು ಬೀಗರೆದುರು ಹೇಳಿದಿರಲ್ಲ, ಅದು ಅವರ ಬಾಯಿಂದ ಬಂದದ್ದೋ, ನೀವೇ ಅಂದುಕೊಂಡದ್ದೋ? ನಾನೂ ಹೀಗೆ ಎಷ್ಟೋ ಸಲ ಹೂಂ ಅಂದವನೇ, ಈ ಪೀಠದ ಮೇಲೆ ಕೂತೂ ಅಂದಿದ್ದೇನೆ.

ಇವತ್ತಿನಿಂದ ಒಂದು ರೂಢಿ ಹಾಕಿಕೊಳ್ಳಿ. ಗೊತ್ತಿಲ್ಲದ್ದಕ್ಕೆ ಹೌದು ಅನ್ನಬೇಡಿ. "ನಾನು ವಿಚಾರಿಸಿಲ್ಲ, ವಿಚಾರಿಸಿ ಹೇಳ್ತೀನಿ" ಅನ್ನಿ. ಮುಖ ಸಣ್ಣದಾಗಲಿ, ಆಗಲಿ ಬಿಡಿ. ಫೋನು ಹಾಗೇ ಹಿಡಿದುಕೊಂಡು ಎದ್ದು ಒಳಗೆ ಹೋಗಿ ಕೇಳಿ. ಮತ್ತೆ, ಮನೆಯಲ್ಲಿ ಯಾರಾದರೂ ನಿನಗೊಂದು ಮಾತು ಹೇಳುವುದಿದೆ ಎಂದಾಗ, ಚಪ್ಪಲಿ ಮೆಟ್ಟಿದ್ದರೂ ಬಿಚ್ಚಿಟ್ಟು ಅವರ ಹತ್ತಿರ ಕೂತುಕೊಳ್ಳಿ. ಅವರು ಹೇಳಿ ಮುಗಿಸುವ ತನಕ ಏಳಬೇಡಿ.